ಗಂಟೆಯೊಳಗಿನ ಕಲಿಕೆಯೂ ಗಂಟೆಯಾಚೆಯ ಬಾಳೂ



ಪ್ರತಿಯೊಂದು ಸ್ಮರಣ ಸಂಚಿಕೆಯಲ್ಲಿಯೂ ಮುಖ್ಯೋಪಾಧ್ಯಾಯಿನಿಯ ಲೇಖನವೊಂದು ಇರತಕ್ಕದ್ದೆಂಬ ರೂಢಿಯುಂಟು. ಪರೀಕ್ಷೆಗೆ ಕುಳಿತವರೆಷ್ಟು, ತೇರ್ಗಡೆಯಾದವರೆಷ್ಟು, ಹೊಸದಾಗಿ ಕಟ್ಟಿದ ಕೋಣೆಗಳೆಷ್ಟು ಎಂಬ ಲೆಕ್ಕವನ್ನು ಆ ಲೇಖನದಲ್ಲಿ ಒಪ್ಪಿಸುವದೂ ರೂಢಿಯೇ. ಆ ಲೆಕ್ಕವು ವಾರ್ಷಿಕ ವರದಿಯಲ್ಲಿ ಬೇರೆಯಾಗಿ ಬಂದಿರುವದರಿಂದ ಅದನ್ನೇ ಇಲ್ಲಿ ಮತ್ತೊಮ್ಮೆ ಹೇಳಿ ನಿಮ್ಮ ಹೊತ್ತನ್ನು ಕಳೆಯಲಾರೆವು. ಅದರ ಬದಲಾಗಿ, ಕೆಲವು ವರ್ಷಗಳಿಂದ ನಮ್ಮ ಮನಸ್ಸನ್ನು ಕೊರೆಯುತ್ತಿರುವ ಒಂದು ಮಾತನ್ನು ನಿಮ್ಮ ಮುಂದಿಡಬೇಕೆಂದಿದ್ದೇವೆ. ಕಟ್ಟುನಿಟ್ಟಾದ ಕ್ರಮದಲ್ಲಿ, ಮುಂದೆ ಏನು ಬರುವದೆಂದು ಮೊದಲೇ ಗೊತ್ತಿರುವ ಸ್ಥಳದಲ್ಲಿ ಕಲಿತ ವಿದ್ಯೆಯು ನಮ್ಮ ಹುಡುಗಿಯರಿಗೆ ಏನನ್ನು ಕೊಡುತ್ತದೆ, ಏನನ್ನು ಕೊಡಲಾರದು ಎಂಬದೇ ಆ ಮಾತು.

ನಮ್ಮ ಅಂಗಳದ ಬೇವಿನ ಮರಕ್ಕೆ ತೂಗಬಿಟ್ಟ ಕಬ್ಬಿಣದ ಕಂಬಿಯ ತುಂಡನ್ನು ನೀವಾರೂ ಮರೆತಿರಲಾರಿರಿ. ಅದೇ ನಮ್ಮ ಗಂಟೆ. ಅದು ಬಡಿದರೆ ಪ್ರಾರ್ಥನೆ, ಮತ್ತೆ ಬಡಿದರೆ ಮೊದಲನೆಯ ತಾಸು. ಹೀಗೆ ಸಂಜೆಯವರೆಗೂ ಪ್ರತಿಯೊಂದು ಕೆಲಸಕ್ಕೆ ಅದರ ಅಪ್ಪಣೆಯಾಗಬೇಕು. ಸೋಮವಾರದ ಎರಡನೆಯ ತಾಸಿಗೆ ಗಣಿತ, ಗುರುವಾರದ ಕೊನೆಯ ತಾಸಿಗೆ ಹೊಲಿಗೆ, ಇದರಲ್ಲಿ ವ್ಯತ್ಯಾಸವಿಲ್ಲ. ಮಕ್ಕಳ ತಾಯಂದಿರಾದ ಹಳೆಯ ವಿದ್ಯಾರ್ಥಿನಿಯರು ಇಂದಿಗೂ ಇಲ್ಲಿಗೆ ಬಂದಾಗ ಆ ನಾದವನ್ನು ಕೇಳಿದೊಡನೆ ಮಾತು ನಿಲ್ಲಿಸಿ ಎದ್ದು ನಿಲ್ಲುವದನ್ನು ಕಂಡು ನಾವು ನಕ್ಕಿದ್ದೇವೆ, ಅವರೂ ನಕ್ಕಿದ್ದಾರೆ.

ನಾವು ಈ ಗಂಟೆಯನ್ನು ಮೊದಲು ಕೇಳಿದ್ದು 1993ರಲ್ಲಿ, ಎಂಟನೆಯ ಇಯತ್ತೆಗೆ ಸೇರಲು ಟ್ರಂಕು ಹೊತ್ತು ಬೋರ್ಡಿಂಗಿಗೆ ಬಂದ ದಿನ. ನಮ್ಮ ಮನೆ ಇಳಕಲ್ಲಿನ ನೇಕಾರರ ಓಣಿಯಲ್ಲಿತ್ತು. ತಂದೆಯವರು ಕುಣಿಮಗ್ಗದಲ್ಲಿ ಕುಳಿತು ಸೀರೆ ನೇಯುತ್ತಿದ್ದರು. ನೇಕಾರರ ಮನೆಯಲ್ಲಿ ನಾಳೆ ಎಂಬದು ಎಂದೂ ಖಂಡಿತವಾದ ಮಾತಲ್ಲ. ನೂಲಿನ ಧಾರಣೆ ಏರಿದರೆ ಮಗ್ಗ ನಿಂತಿತು. ಸಾಹುಕಾರರು ಕೂಲಿ ತಡಮಾಡಿದರೆ ಒಲೆ ತಡವಾಯಿತು. ಮದುವೆಯ ದಿನಗಳು ಬಂದರೆ ರಾತ್ರಿಯೆಲ್ಲ ಲಾಳಿಯ ಸಪ್ಪಳ, ಪಾಠ ಓದಲು ದೀಪವೂ ಇಲ್ಲ, ಸ್ಥಳವೂ ಇಲ್ಲ. ಅಂಥ ಮನೆಯಿಂದ ಬಂದ ಹುಡುಗಿಗೆ ಊಟದ ಹೊತ್ತಿಗೆ ಊಟ, ಓದುವ ಹೊತ್ತಿಗೆ ಓದು, ಮಲಗುವ ಹೊತ್ತಿಗೆ ನಿದ್ದೆ ಎಂಬದು ಎಷ್ಟು ದೊಡ್ಡ ಆಶ್ಚರ್ಯವಾಗಿತ್ತೆಂಬದನ್ನು ಅನುಭವಿಸಿದವರೇ ಬಲ್ಲರು. ಮೊದಲನೆಯ ವಾರದಲ್ಲಿ ನಾವು ಮನೆಯನ್ನು ನೆನೆದು ಅತ್ತೆವು. ಎರಡನೆಯ ತಿಂಗಳಿನಲ್ಲಿ, ನಾಳೆ ಯಾವ ತಾಸಿಗೆ ಏನು ಎಂದು ಬಲ್ಲವರಾದ ಕಾರಣದಿಂದಲೇ, ನಮ್ಮ ಜೀವಮಾನದಲ್ಲಿ ಮೊದಲನೆಯ ಸಲ ಒಂದು ವಿಷಯವನ್ನು ಕುರಿತು ಭಯವಿಲ್ಲದೆ ವಿಚಾರಮಾಡಿದೆವು. ಗಂಟೆಯನ್ನು ಸೆರೆಮನೆಯ ಸಂಕೋಲೆಯೆಂದು ಬರೆಯುವ ಪಂಡಿತರು ಬಹುಶಃ ಗಂಟೆಯಿಲ್ಲದ ಮನೆಯಲ್ಲಿ ಹಸಿದು ಮಲಗಿದವರಲ್ಲ.

ಈ ಪ್ರಾಂತಕ್ಕೆ ವೇಳಾಪತ್ರಿಕೆಯು ಬಹಳ ಹಳೆಯ ಕಾಲದ್ದಲ್ಲ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದರು. ಅನಂತರ ಗುಳೇದಗುಡ್ಡದಲ್ಲಿಯೂ ನೆಲೆಸಿದರು. ಅದಕ್ಕೆ ಮೊದಲು ಐಗಳ ಮಠದಲ್ಲಿ ಸಣ್ಣವರೂ ದೊಡ್ಡವರೂ ಒಂದೆಡೆಯಲ್ಲಿ ಕುಳಿತು ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿಯನ್ನು ಬಾಯಿಪಾಠ ಮಾಡಿ, ಸುಗ್ಗಿ ಬಂದರೆ ಹೊಲಕ್ಕೆ ಹೋಗುತ್ತಿದ್ದರು. ಅಲ್ಲಿ ಹುಡುಗಿಯರಿಗೆ ಸಾಮಾನ್ಯವಾಗಿ ಸ್ಥಳವಿರಲಿಲ್ಲ. ಇಯತ್ತೆಗಳ ವಿಂಗಡಣೆ, ಗೊತ್ತಾದ ತಾಸು, ಹಾಜರಿಯ ಪಟ್ಟಿ ಇವೆಲ್ಲ ಸರಕಾರದ ಮತ್ತು ಮಿಶನ್ನಿನ ಶಾಲೆಗಳೊಡನೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದವು. ಹೆಣ್ಣುಮಗಳೊಬ್ಬಳು ದಿನದ ಇಂತಿಷ್ಟು ಹೊತ್ತು ತನ್ನದೆಂದು ಹೇಳಿಕೊಳ್ಳಲು ಹಾಜರಿಯ ಪಟ್ಟಿಯೇ ಮೊದಲನೆಯ ಆಧಾರವಾಯಿತೆಂದು ನಾವು ಭಾವಿಸುತ್ತೇವೆ. ಮನೆಯಲ್ಲಿ ನೀರು ತರಲು ಕರೆದರೆ, “ಸಾಲಿ ಗಂಟಿ ಆಗೇದವ್ವಾ” ಎಂಬದೊಂದು ಉತ್ತರ ಅವಳಿಗೆ ದೊರೆಯಿತು.

ಇಷ್ಟು ಹೊಗಳಿದ ಮೇಲೆ ನಮ್ಮ ತಪ್ಪನ್ನೂ ಹೇಳಬೇಕಾಗಿದೆ.

ನಾವು ಈ ಶಾಲೆಯ ಭಾರವನ್ನು ವಹಿಸಿಕೊಂಡ ಮೇಲೆ, ನಮ್ಮನ್ನು ಉದ್ಧರಿಸಿದ ಕ್ರಮವನ್ನು ಇನ್ನೂ ಬಿಗಿಮಾಡಿದರೆ ಹುಡುಗಿಯರಿಗೆ ಇನ್ನೂ ಒಳ್ಳೆಯದಾಗುವದೆಂದು ನಂಬಿದೆವು. ಹತ್ತನೆಯ ಇಯತ್ತೆಯ ಪರೀಕ್ಷೆಯ ಸ್ವರೂಪವನ್ನು ನೀವು ಬಲ್ಲಿರಿ. ಆಗ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ನೂರು ನೂರು, ಒಟ್ಟು 625 ಅಂಕಗಳಿದ್ದವು. ಯಾವ ಪಾಠಕ್ಕೆ ಎಷ್ಟು ಅಂಕ, ಒಂದು ಅಂಕದ ಪ್ರಶ್ನೆಗಳೆಷ್ಟು, ನಾಲ್ಕು ಅಂಕದವೆಷ್ಟು ಎಂಬದಕ್ಕೆ ನೀಲನಕ್ಷೆಯುಂಟು. ನಾವು ಆ ನಕ್ಷೆಯನ್ನು ಗೋಡೆಗೆ ಅಂಟಿಸಿದೆವು. ಹಿಂದಿನ ವರ್ಷಗಳ ಪ್ರಶ್ನೆಗಳನ್ನು ಕಲೆಹಾಕಿ, ಇಂಥ ಪ್ರಶ್ನೆಗೆ ಇಂಥ ಉತ್ತರವೆಂದು ಬರೆಸಿ, ಜನವರಿಯಿಂದ ಮಾರ್ಚಿನವರೆಗೆ ಅದನ್ನೇ ಮೂರು ಸಲ ತಿದ್ದಿಸಿದೆವು. ಫಲಿತಾಂಶವೇನೋ ಏರಿತು. ಸಭೆಗಳಲ್ಲಿ ನಮ್ಮನ್ನು ಹೊಗಳಿದರು. ನಾವೂ ಹಿಗ್ಗಿದೆವು.

2018ರಲ್ಲಿ ನಮ್ಮ ಒಬ್ಬ ವಿದ್ಯಾರ್ಥಿನಿಯು 600ಕ್ಕೂ ಮಿಗಿಲಾದ ಅಂಕಗಳನ್ನು ಪಡೆದಳು. ಬಾದಾಮಿಯ ಕಡೆಯ ಒಂದು ಹಳ್ಳಿಯ ಹುಡುಗಿ. ಅವಳ ಮನೆತನದಲ್ಲಿ ಹೈಸ್ಕೂಲು ಮುಗಿಸಿದವರಲ್ಲಿ ಅವಳೇ ಮೊದಲನೆಯವಳು. ಊರವರು ಮಾಲೆ ಹಾಕಿದರು. ದೂರದ ನಗರವೊಂದರ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸ್ಥಾನ ದೊರೆಯಿತು. ಆ ವರ್ಷದ ದೀಪಾವಳಿಯ ತರುವಾಯ ಒಂದು ಆದಿತ್ಯವಾರ ಮಧ್ಯಾಹ್ನ ಅವಳು ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. ಕಾಲೇಜನ್ನು ಬಿಟ್ಟು ಬಂದಿದ್ದಳು. ಯಾರಾದರೂ ಬೈದರೇ, ಹಣದ ಅಡಚಣೆಯೇ, ಊಟದ ತೊಂದರೆಯೇ ಎಂದು ನಾವು ಕೇಳಿದ್ದಕ್ಕೆಲ್ಲ ತಲೆಯಲ್ಲಾಡಿಸಿದಳು. ಬಹಳ ಹೊತ್ತಿನ ಮೇಲೆ ಹೇಳಿದಳು: “ಅಕ್ಕೋರ, ನಮ್ಮ ಸಾಲ್ಯಾಗ ಮುಂದ ಏನ ಬರತೈತಿ ಅಂತ ಎಲ್ಲಾ ಗೊತ್ತಿರತಿತ್ರಿ. ಅಲ್ಲಿ ನನಗ ಏನ ಗೊತ್ತಿಲ್ಲ ಅನ್ನೂದೂ ಗೊತ್ತಾಗಲಿಲ್ಲರಿ. ಯಾರನ್ನ ಏನಂತ ಕೇಳೂದು?”

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮೂರು ವರ್ಷ ಅವಳು ನಮ್ಮ ಕೈಯಲ್ಲಿದ್ದಳು. ಆ ಮೂರು ವರ್ಷಗಳಲ್ಲಿ ಅವಳು ಉತ್ತರ ಗೊತ್ತಿಲ್ಲದ ಪ್ರಶ್ನೆಯ ಮುಂದೆ ಒಂದು ಗಳಿಗೆ ಕುಳಿತುಕೊಳ್ಳುವಂಥ ಸಂದರ್ಭವನ್ನು ನಾವು ಒಮ್ಮೆಯೂ ಒದಗಿಸಿಕೊಟ್ಟಿರಲಿಲ್ಲ. ಅವಳ ದಾರಿಯ ಕಲ್ಲುಗಳನ್ನೆಲ್ಲ ನಾವೇ ಹೆಕ್ಕಿ ಹಾಕಿ, ಅವಳು ಚೆನ್ನಾಗಿ ನಡೆಯುತ್ತಾಳೆಂದು ಹೆಮ್ಮೆಪಟ್ಟಿದ್ದೆವು.

ಬಾಗಲಕೋಟೆಯವರಿಗೆ ಈ ಮಾತು ಬೇಗನೆ ತಿಳಿದೀತು. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಊರಿನ ಭಾಗಗಳು ಮುಳುಗಿದ್ದರಿಂದ ಕಟ್ಟಿದ ನವನಗರದಲ್ಲಿ ಸೆಕ್ಟರುಗಳಿಗೆ ಸಂಖ್ಯೆಯುಂಟು. ಸಂಖ್ಯೆ ತಿಳಿದವರು ಯಾರನ್ನೂ ಕೇಳದೆ ಮನೆ ಸೇರಬಹುದು. ಇದು ದೊಡ್ಡ ಅನುಕೂಲವೇ ಸರಿ. ಹಳೆಯ ಊರಿನ ಓಣಿಗಳಲ್ಲಿಯಾದರೋ ಹೆಜ್ಜೆಹೆಜ್ಜೆಗೆ, “ಇಂಥವರ ಮನಿ ಯಾವ ಕಡೆ ಬರತೈತ್ರಿ?” ಎಂದು ಕೇಳಲೇಬೇಕು. ಸಂಖ್ಯೆಯ ಊರಿನಲ್ಲಿ ಮಾತ್ರ ಬೆಳೆದವರು ದಾರಿ ತಪ್ಪುವದಿಲ್ಲ. ಆದರೆ ದಾರಿ ಕೇಳುವದನ್ನೂ ಕಲಿಯುವದಿಲ್ಲ. ನಮ್ಮ ಶಾಲೆಯನ್ನು ನಾವು ಸಂಖ್ಯೆಯ ಊರನ್ನಾಗಿ ಮಾಡಿದ್ದೆವು.

ತಪ್ಪು ತಿಳಿದೊಡನೆ ಮನುಷ್ಯನು ಇನ್ನೊಂದು ತುದಿಗೆ ಓಡುವದು ಸಹಜ. ನಾವೂ ಹಾಗೆಯೇ ಮಾಡಿದೆವು. 2019ರ ಜೂನ್ ತಿಂಗಳಿಂದ ಶನಿವಾರದ ಅರ್ಧ ದಿನಕ್ಕೆ ಗಂಟೆಯೇ ಬೇಡ, ವೇಳಾಪತ್ರಿಕೆಯೂ ಬೇಡ, ಹುಡುಗಿಯರು ತಮಗೆ ಇಷ್ಟವಾದುದನ್ನು ತಾವೇ ಕಲಿಯಲಿ ಎಂದು ಸಾರಿದೆವು. ಏನಾಯಿತೆಂದರೆ, ಓದಿದವರ ಮನೆಯಿಂದ ಬಂದ ಹತ್ತು ಹನ್ನೆರಡು ಹುಡುಗಿಯರು ಪುಸ್ತಕ ತಂದರು, ನಾಟಕ ಕಟ್ಟಿದರು, ಗಿಡಗಳ ಎಲೆ ಕೂಡಿಸಿದರು. ನೋಡುವವರ ಕಣ್ಣಿಗೆ ಬಹಳ ಚೆನ್ನಾಗಿತ್ತು. ಉಳಿದವರು ಗೋಡೆಗೆ ಒರಗಿ, ಏನು ಮಾಡಬೇಕೆಂದು ತೋಚದೆ, ಒಬ್ಬರ ಮುಖವನ್ನೊಬ್ಬರು ನೋಡುತ್ತ ಕುಳಿತರು. ಇಷ್ಟವಾದುದನ್ನು ಮಾಡು ಎಂಬ ಮಾತು, ಇಷ್ಟಪಡಲು ಎಂದೂ ಅವಕಾಶವಿಲ್ಲದವಳಿಗೆ ಕಠಿಣವಾದ ಅಪ್ಪಣೆಯೇ ಆಗುತ್ತದೆ. ಸ್ವಾತಂತ್ರ್ಯದ ಹೆಸರಿನಲ್ಲಿ ನಾವು ಇದ್ದವರಿಗೇ ಇನ್ನಷ್ಟು ಕೊಟ್ಟು, ಇಲ್ಲದವರನ್ನು ಕೈಬಿಟ್ಟಿದ್ದೆವು.

ಅಷ್ಟರಲ್ಲಿ ಆಗಸ್ಟ್ ತಿಂಗಳು ಬಂತು. 2019ರ ಆ ನೆರೆಯನ್ನು ನೀವು ಮರೆತಿಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಒಂದೇ ಕಾಲಕ್ಕೆ ಉಕ್ಕಿದವು. ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೂ ನೀರು ನುಗ್ಗಿತು. ಮಲಪ್ರಭೆಯ ದಂಡೆಯ ಹಳ್ಳಿಗಳ ನಮ್ಮ ಹುಡುಗಿಯರು ಮನೆ ಬಿಟ್ಟು ಗಂಜಿ ಕೇಂದ್ರ ಸೇರಿದರು. ಪುಸ್ತಕ, ಬಟ್ಟೆ, ಕಾಳುಕಡಿ ಎಲ್ಲವೂ ನೀರಿನ ಪಾಲು. ಶಾಲೆ ಮತ್ತೆ ಆರಂಭವಾದ ದಿನ ಅವರನ್ನು ಕುರಿತು ಏನು ಹೇಳಬೇಕೆಂದು ನಾವು ರಾತ್ರಿಯೆಲ್ಲ ಯೋಚಿಸಿ, ಸಮಾಧಾನದ ಮಾತುಗಳನ್ನು ಸಿದ್ಧಮಾಡಿಕೊಂಡು ಬಂದಿದ್ದೆವು. ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ, ಬೇರೆಯವರು ಕೊಟ್ಟ ಸಮವಸ್ತ್ರವನ್ನು ತೊಟ್ಟವಳು, ನಮ್ಮನ್ನು ಕಂಡೊಡನೆ ಕೇಳಿದ್ದು ಇಷ್ಟೇ: “ಅಕ್ಕೋರ, ಇವತ್ತ ಮೊದಲನೇ ತಾಸ ಯಾರದರಿ?” ನಾವು ನಮ್ಮ ಭಾಷಣವನ್ನು ಬಿಟ್ಟು ಗಂಟೆ ಬಾರಿಸಿದೆವು. ಎಲ್ಲವೂ ಕೊಚ್ಚಿಹೋದ ಮೇಲೆ ಸೋಮವಾರದ ಎರಡನೆಯ ತಾಸಿಗೆ ಗಣಿತವಿದೆ ಎಂಬದೊಂದು ಉಳಿದಿತ್ತು. ಅವಳು ಅದನ್ನು ಹಿಡಿದುಕೊಂಡಳು.

ಮರುವರ್ಷ ಆ ಗಂಟೆಯೂ ನಿಂತಿತು. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದವು. ಆ ವರ್ಷ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಎಂಬ ಪಾಠಗಳು ಬಂದವು. ಸರಕಾರಿ ಶಾಲೆಗಳ ಶಿಕ್ಷಕರು ‘ವಿದ್ಯಾಗಮ’ ಎಂಬ ಯೋಜನೆಯಂತೆ ಆಗಸ್ಟ್ ತಿಂಗಳಿಂದ ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂಡಿಸಿದರು. ಅಕ್ಟೋಬರದಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ನಾವು ನಮ್ಮ ಸಹಶಿಕ್ಷಕಿಯರೊಡನೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಇಳಕಲ್ಲ, ಕಮತಗಿ, ಹುನಗುಂದಗಳಲ್ಲಿ ಹುಡುಗಿಯರ ಮನೆಗಳನ್ನು ಹುಡುಕುತ್ತ ಹೋದೆವು. ಶಿಕ್ಷಕಿಯಾಗಿ ಹದಿನೇಳು ವರ್ಷಗಳಾಗಿದ್ದರೂ ಹುಡುಗಿಯರ ಮನೆಗಳನ್ನು ನಾವು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು.

ಒಂದು ಮನೆಯಲ್ಲಿ, ಗಣಿತದಲ್ಲಿ ಎಂದೂ ಎರಡಂಕಿಯ ಗುಣಗಳನ್ನು ಕಾಣದ ಹುಡುಗಿಯೊಬ್ಬಳು ತಂದೆಯ ಪಕ್ಕದಲ್ಲಿ ಕುಳಿತು ಸಾಹುಕಾರರ ಆಳಿನೊಡನೆ ಲೆಕ್ಕ ಮಾಡುತ್ತಿದ್ದಳು. ಕೊಟ್ಟ ಸೀರೆಗಳ ಕೂಲಿಯಲ್ಲಿ ಮುಂಗಡವನ್ನು ಕಳೆದು, ರೇಶಿಮೆಯ ಬೆಲೆಯಲ್ಲಿಯ ವ್ಯತ್ಯಾಸವನ್ನು ಹಿಡಿದು, ಉಳಿದುದರಲ್ಲಿ ಚಿಕ್ಕಪ್ಪನ ಮೂರರ ಒಂದು ಪಾಲನ್ನು ಬೇರೆ ಮಾಡಿ, ಕಾಗದ ಮುಟ್ಟದೆ ಮೊತ್ತವನ್ನು ಹೇಳಿದಳು. ಆಳು ತನ್ನ ಫೋನಿನಲ್ಲಿ ನೋಡಿ ಸರಿಯೆಂದನು. ನಾವು ಹೊರಗೆ ಬಂದು, “ತಾಯಿ, ಇದೇ ನಮ್ಮ ಬೀಜಗಣಿತವಲ್ಲವೇ?” ಎಂದೆವು. ಅವಳು ನಾಚಿ, “ಇಲ್ಲರಿ ಅಕ್ಕೋರ, ಲೆಕ್ಕ ನನಗ ಬರಂಗಿಲ್ಲರಿ. ಇದು ಕೂಲಿದರಿ” ಎಂದಳು.

ಇದು ನಮ್ಮ ಜಿಲ್ಲೆಯ ವಿಚಿತ್ರವಲ್ಲವೆಂದು ತರುವಾಯ ಓದಿ ತಿಳಿದೆವು. 1985ರಲ್ಲಿ ಬ್ರೆಜಿಲ್ ದೇಶದ ರೆಸೀಫೆ ಎಂಬ ಪಟ್ಟಣದಲ್ಲಿ, ಬೀದಿಯಲ್ಲಿ ತೆಂಗಿನಕಾಯಿ ಮೊದಲಾದವನ್ನು ಮಾರುವ ಐದು ಮಕ್ಕಳನ್ನು ಪರೀಕ್ಷಿಸಿದ ಫಲವನ್ನು ವಿದ್ವಾಂಸರು ಪ್ರಕಟಿಸಿದರು. ವ್ಯಾಪಾರದಲ್ಲಿ ಆ ಮಕ್ಕಳ ಲೆಕ್ಕವು ನೂರಕ್ಕೆ 98ರಷ್ಟು ಸರಿಯಾಗಿತ್ತು. ಅದೇ ಲೆಕ್ಕವನ್ನು ಬರಿಯ ಅಂಕಿಗಳಲ್ಲಿ ಕಾಗದದ ಮೇಲೆ ಕೊಟ್ಟಾಗ ನೂರಕ್ಕೆ 37ಕ್ಕೆ ಇಳಿಯಿತು. 2025ರಲ್ಲಿ ನಮ್ಮ ದೇಶದ ಕೋಲ್ಕತ್ತಾ ಮತ್ತು ದಿಲ್ಲಿಯ ಸಂತೆಗಳಲ್ಲಿ ದುಡಿಯುವ ಮಕ್ಕಳನ್ನು ಕುರಿತು ಅಭಿಜಿತ್ ಬ್ಯಾನರ್ಜಿ, ಎಸ್ಥರ್ ಡುಫ್ಲೋ ಮೊದಲಾದವರು ಇಂಥದೇ ವಿಚಾರವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಂತೆಯ ಮಕ್ಕಳಿಗೆ ಶಾಲೆಯ ಲೆಕ್ಕ ಬಾರದು. ಶಾಲೆಯ ಮಕ್ಕಳಿಗೆ ಸಂತೆಯ ಲೆಕ್ಕ ಬಾರದು. ಈ ಎರಡನೆಯ ಮಾತನ್ನೇ ನಾವು ಶಿಕ್ಷಕಿಯರು ಎರಡು ಸಲ ಓದತಕ್ಕದ್ದು. ಕಲಿತುದು ಕಲಿತ ಸ್ಥಳದಲ್ಲಿಯೇ ನಿಂತುಬಿಡುತ್ತದೆ. ಯಾರಾದರೂ ಕೈಹಿಡಿದು ಹೊಸ್ತಿಲು ದಾಟಿಸದಿದ್ದರೆ ಅದು ತಾನಾಗಿ ಹೊರಗೆ ಬರುವದಿಲ್ಲ, ಒಳಗೂ ಬರುವದಿಲ್ಲ.

ಆದುದರಿಂದ ಕ್ರಮವು ಬೇಕೋ ಬೇಡವೋ ಎಂಬ ಪ್ರಶ್ನೆಯೇ ಸರಿಯಾದುದಲ್ಲವೆಂದು ನಮಗೆ ತೋರಿತು. 1939ರಲ್ಲಿ ಮದರಾಸಿಗೆ ಬಂದು ಶಿಕ್ಷಕರಿಗೆ ತರಬೇತು ಕೊಟ್ಟ ಮರಿಯಾ ಮಾಂಟೆಸ್ಸೊರಿಯವರ ಪದ್ಧತಿಯಲ್ಲಿ ಪ್ರತಿಯೊಂದು ವಸ್ತುವಿಗೂ ಗೊತ್ತಾದ ಸ್ಥಳವುಂಟು. ಆದರೆ ಯಾವ ವಸ್ತುವನ್ನು ಎತ್ತಿಕೊಳ್ಳಬೇಕೆಂಬದನ್ನು ಮಗುವೇ ಆರಿಸುತ್ತದೆ. ಸ್ಥಳ ಗೊತ್ತಿರುವದರಿಂದಲೇ ಆರಿಸುವ ಧೈರ್ಯ ಬರುತ್ತದೆ. ಇದನ್ನು ನಾವು ತರಬೇತಿನ ಕಾಲದಲ್ಲಿ ಉತ್ತರಪತ್ರಿಕೆಯಲ್ಲಿ ಬರೆದು ಅಂಕ ಪಡೆದವರೇ. ತಿಳಿದುಕೊಂಡದ್ದು ಮಾತ್ರ ಇಪ್ಪತ್ತು ವರ್ಷಗಳ ಅನಂತರ.

ಈಗ ನಾವು ಮಾಡುತ್ತಿರುವದು ದೊಡ್ಡದೇನಲ್ಲ. ಎಂಟನೆಯ ಇಯತ್ತೆಗೆ ಗಂಟೆ, ತಾಸು, ಮಾದರಿ ಉತ್ತರ ಎಲ್ಲವೂ ಮೊದಲಿನಂತೆಯೇ ಇವೆ. ಒಂಬತ್ತನೆಯ ಇಯತ್ತೆಯ ಪ್ರತಿಯೊಂದು ಕಿರುಪರೀಕ್ಷೆಯಲ್ಲಿ ಯಾರೂ ಕಲಿಸದ ಒಂದು ಪ್ರಶ್ನೆಯನ್ನಿಡುತ್ತೇವೆ. ಅದಕ್ಕೆ ಉತ್ತರ ಬಾರದಿದ್ದರೂ, ಉತ್ತರ ಹುಡುಕಲು ಏನು ತಿಳಿಯಬೇಕಾಗಿತ್ತು, ಯಾರನ್ನು ಕೇಳಬೇಕಾಗಿತ್ತು ಎಂದು ಬರೆದವಳಿಗೆ ಅಂಕವುಂಟು. ಹತ್ತನೆಯ ಇಯತ್ತೆಯವರು ವಾರದ ಎರಡು ತಾಸುಗಳ ವೇಳಾಪತ್ರಿಕೆಯನ್ನು ತಾವೇ ಬರೆದು ಗೋಡೆಗೆ ಹಚ್ಚಬೇಕು, ಹಾಗೂ ಅದರಂತೆ ನಡೆಯಬೇಕು. ತಿಂಗಳಿಗೆ ಒಂದು ಶನಿವಾರ ಎಲ್ಲರೂ ಗೊತ್ತಾದ ಒಂದು ಕೆಲಸವನ್ನು ಹಿಡಿದು ಗೋಡೆಯ ಹೊರಗೆ ಹೋಗುತ್ತೇವೆ. ಕೆಲಸ ಗೊತ್ತಾದುದು; ಅಲ್ಲಿ ಸಿಗುವದು ಗೊತ್ತಿಲ್ಲದ್ದು.

2024ರ ಡಿಸೆಂಬರದಲ್ಲಿ ಹೀಗೆಯೇ ಐಹೊಳೆಗೆ ಹೋದೆವು. ಮೇಗುತಿ ಗುಡ್ಡವನ್ನು ಹತ್ತಿ ರವಿಕೀರ್ತಿಯ ಶಾಸನದ ಮುಂದೆ ನಿಂತೆವು. ಇಮ್ಮಡಿ ಪುಲಕೇಶಿ, ರವಿಕೀರ್ತಿ, ಕ್ರಿ. ಶ. 634 ಎಂಬದು ಎಲ್ಲರಿಗೂ ಬಾಯಿಪಾಠ. ಆದರೆ ತರಗತಿಗೆ ಮೊದಲನೆಯವಳು ಕಲ್ಲನ್ನು ಬಹಳ ಹೊತ್ತು ನೋಡಿ, “ಅಕ್ಕೋರ, ಒಂದಕ್ಷರಾನೂ ಓದಾಕ ಬರವಲ್ದು. ಇದು ಕನ್ನಡ ಅಲ್ಲೇನ್ರಿ?” ಎಂದಳು. ಲಿಪಿಯು ಹಳೆಯ ಕನ್ನಡದ್ದು, ಭಾಷೆಯು ಸಂಸ್ಕೃತ ಎಂದು ಹೇಳಿದೆವು. ಪುಸ್ತಕದಲ್ಲಿ ನಾಲ್ಕು ಸಲ ಓದಿದ್ದರೂ ಈ ಪ್ರಶ್ನೆ ಅವಳಿಗೆ ಹುಟ್ಟಿದ್ದು ಕಲ್ಲಿನ ಮುಂದೆ. ಕವಿಯು ಕಾಲವನ್ನು ಎರಡು ರೀತಿಯಲ್ಲಿ ಎಣಿಸಿದ್ದಾನೆ, ಭಾರತ ಯುದ್ಧದಿಂದ 3735 ವರ್ಷ ಮತ್ತು ಶಕ 556, ಎಂದೆವು. ಆಗ ಹಿಂದಿನ ಸಾಲಿನ ಒಬ್ಬ ಹುಡುಗಿ, ಇತಿಹಾಸದಲ್ಲಿ ಸಾಧಾರಣಳಾದವಳು, ಕೇಳಿದಳು: “ಎರಡೂ ಒಂದ ವರ್ಷ ಅಂತ ಹೆಂಗ ಗೊತ್ತಾಗತೈತ್ರಿ? ಅವ ತಪ್ಪ ಎಣಿಸಿದ್ದರ?”

ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಹಿಂದಿನ ಕಾಲವಾಗಿದ್ದರೆ, ಅದು ಪರೀಕ್ಷೆಗೆ ಬರುವದಿಲ್ಲವೆಂದು ಮುಂದೆ ನಡೆಯುತ್ತಿದ್ದೆವು. ಈ ಸಲ, “ನಮಗೂ ತಿಳಿಯದು, ನೀನೇ ನೋಡಿ ಹೇಳು” ಎಂದೆವು. ಸೋಮವಾರ ಅವಳು ಮನೆಯ ಗೋಡೆಯಲ್ಲಿದ್ದ ಪಂಚಾಂಗವನ್ನೇ ಕಿತ್ತು ತಂದಳು. ಅದರಲ್ಲಿ ಗತಕಲಿ 5125, ಶಾಲಿವಾಹನ ಶಕ 1946 ಎಂದು ಅಚ್ಚಾಗಿತ್ತು. ಕಳೆದರೆ 3179. ಕಲ್ಲಿನ ಮೇಲಿನ 3735ರಲ್ಲಿ 556ನ್ನು ಕಳೆದರೂ 3179. ಸುಮಾರು 1400 ವರ್ಷಗಳ ಹಿಂದೆ ಗುಡ್ಡದ ಮೇಲೆ ಕೆತ್ತಿದ ಲೆಕ್ಕವೂ ಅವಳ ಮನೆಯ ಗೋಡೆಯ ಲೆಕ್ಕವೂ ಒಂದೇ. ಅದನ್ನು ಹಲಗೆಯ ಮೇಲೆ ಬರೆದು ತೋರಿಸುವಾಗ ಅವಳ ಕೈ ನಡುಗುತ್ತಿತ್ತು. ತರಗತಿಗೆ ಮೊದಲನೆಯವಳು ಎದ್ದು, ಇನ್ನೊಮ್ಮೆ ತೋರಿಸೆಂದು ಬೇಡಿಕೊಂಡಳು.

ಇದನ್ನೆಲ್ಲ ಕೇಳಿ ಪಾಲಕರು ಸಂತೋಷಪಟ್ಟರೆಂದು ಬರೆದರೆ ಸುಳ್ಳಾದೀತು. 2025ರ ಫಲಿತಾಂಶದಲ್ಲಿ ನಮ್ಮ ಶಾಲೆಯ ಹೆಚ್ಚಿನ ಅಂಕದವರ ಸಂಖ್ಯೆ ಸ್ವಲ್ಪ ಇಳಿಯಿತು. ನೇಯ್ಗೆಯ ಮನೆತನದ ಪಾಲಕರೊಬ್ಬರು ನಮ್ಮ ಕೋಣೆಗೆ ಬಂದು, “ಅಕ್ಕೋರ, ಹುಡುಗಿ ಮಾರ್ಕ್ಸ್ ತರಲಿ ಅಂತ ಇಲ್ಲಿ ಹಾಕೇವ್ರಿ, ಪಂಚಾಂಗ ನೋಡಾಕಲ್ಲ” ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಅಂಕವಿಲ್ಲದೆ ಬಡವರ ಮಗಳಿಗೆ ಯಾವ ಬಾಗಿಲೂ ತೆರೆಯದು; ಇದನ್ನು ನಮಗಿಂತ ಚೆನ್ನಾಗಿ ಬಲ್ಲವರಾರು? ನಾವು ಅವರನ್ನು ಕುಳ್ಳಿರಿಸಿ, ಮಗನಿಗೆ ಮಗ್ಗವನ್ನು ಹೇಗೆ ಕಲಿಸಿದಿರಿ ಎಂದು ಕೇಳಿದೆವು.

ಇಳಕಲ್ಲ ಸೀರೆಯ ಮರ್ಮವನ್ನು ಬೇರೆ ಊರುಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿನಿಯರಿಗಾಗಿ ಇಲ್ಲಿ ಹೇಳುತ್ತೇವೆ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾಗಿರಬಹುದು, ಸೆರಗು ರೇಶಿಮೆಯದು. ಇವೆರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಆದುದರಿಂದ ಪ್ರತಿಯೊಂದು ಸೀರೆಗೂ ಹಾಸನ್ನು ಹೊಸದಾಗಿಯೇ ಸಿದ್ಧಮಾಡಬೇಕಾಗುತ್ತದೆ. ನಮ್ಮ ಅಜ್ಜಿ ಕಣ್ಣು ಮಂಜಾದ ಮೇಲೂ ಬೆರಳ ತುದಿಯಿಂದಲೇ ಕೊಂಡಿ ಕೂಡಿಸುತ್ತಿದ್ದರು.

ಆ ಪಾಲಕರು ಹೇಳಿದರು: ಮೊದಲನೆಯ ವರ್ಷ ಮಗನಿಗೆ ಕಂಡಿಕೆ ಸುತ್ತುವದು ಮಾತ್ರ. ಅನಂತರ ಒಡಲು ನೇಯುವದು. ದಿನಾಲು ಅದೇ, ಕೈ ತಾನಾಗಿ ಆಡುವವರೆಗೆ. “ಆದ್ರ ಕೊಂಡಿ ಅಷ್ಟ ಹೇಳಿಕೊಟ್ಟರ ಬರಂಗಿಲ್ಲರಿ. ಎಳಿ ಹರಿತಾವ, ಗಂಟ ಬೀಳತಾವ. ಪಕ್ಕಕ್ಕ ಕುಂದ್ರಿಸಿಕೊಂಡು, ಅವನ ಕೈಲೇ ಕೆಡಿಸಿ, ಅವನ ಕೈಲೇ ಮಾಡಸಬೇಕು.” ಹೀಗೆಂದು ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ನಮ್ಮ ಮುಖವನ್ನು ನೋಡಿದರು. ನಾವು ಏನನ್ನೂ ಹೇಳಲಿಲ್ಲ. “ನೋಡೂಣ ಬಿಡ್ರಿ” ಎಂದು ಎದ್ದು ಹೋದರು. ಅವರ ಮಗಳು ಈಗಲೂ ನಮ್ಮಲ್ಲಿಯೇ ಓದುತ್ತಿದ್ದಾಳೆ. ಅವರು ಪೂರ್ಣ ಒಪ್ಪಿದರೆಂದು ನಾವು ಹೇಳಲಾರೆವು. ನಾವು ಸರಿಯೆಂದು ಸಿದ್ಧವಾಯಿತೆಂದೂ ಹೇಳಲಾರೆವು. ಶಾಲೆಯ ಒಡಲೂ ಲೋಕದ ಸೆರಗೂ ಬೇರೆ ಬೇರೆ ನೂಲಿನವು, ಕೊಂಡಿ ಹಾಕದೆ ಎರಡೂ ಕೂಡುವದಿಲ್ಲ ಎಂಬಷ್ಟು ಮಾತ್ರ ಖಂಡಿತ. ಒಡಲನ್ನು ನೇಯುವದರಲ್ಲಿ ನಾವು ಕಡಿಮೆಯಾಗಿರಲಿಲ್ಲ. ಕೊಂಡಿಯನ್ನು ಮರೆತಿದ್ದೆವು.

2018ರಲ್ಲಿ ಹಿಂದಿರುಗಿದ ಆ ಹುಡುಗಿಯ ಸಂಗತಿ ಏನಾಯಿತೆಂದು ನೀವು ಕೇಳಬಹುದು. ಅವಳು ಒಂದು ವರ್ಷ ಮನೆಯಲ್ಲಿದ್ದು, ಮರುವರ್ಷ ಹತ್ತಿರದ ಊರಿನ ಕಾಲೇಜಿಗೆ ಸೇರಿ, ಪದವಿಯನ್ನು ಮುಗಿಸಿದಳು. ಅದು ನಮ್ಮ ಸಾಧನೆಯಲ್ಲ, ಅವಳದು. ಕಳೆದ ವರ್ಷ ಒಂದು ಶನಿವಾರ ನಾವು ಅವಳನ್ನು ಕರೆದೆವು. ಅವಳು ಹತ್ತನೆಯ ಇಯತ್ತೆಯವರ ಮುಂದೆ ನಿಂತು, ತಾನು ಪಡೆದ ಅಂಕಗಳನ್ನು ಹೇಳಲಿಲ್ಲ. ಹೊಸ ಊರಿನ ತರಗತಿಯಲ್ಲಿ ಏನೂ ತಿಳಿಯದೆ ಕುಳಿತ ದಿನಗಳನ್ನೂ, ಪಕ್ಕದ ಹುಡುಗಿಗೆ “ನನಗೆ ಇದು ತಿಳಿಯಲಿಲ್ಲ, ಹೇಳಿಕೊಡು” ಎಂಬ ಒಂದು ಮಾತನ್ನು ಆಡಲು ತನಗೆ ಎಷ್ಟು ತಿಂಗಳು ಬೇಕಾಯಿತೆಂಬದನ್ನೂ ಹೇಳಿದಳು. ಊಟದ ಗಂಟೆ ಬಡಿಯಿತು. ನಮ್ಮ ಹುಡುಗಿಯರು ಗಂಟೆ ಕೇಳಿಯೂ ಏಳದೆ ಇದ್ದುದನ್ನು ನಾವು ಕಂಡದ್ದು ಅಂದು ಮಾತ್ರ.

ಆದುದರಿಂದ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ವಿನಂತಿಯುಂಟು. ನೀವು ಶಾಲೆಗೆ ಫ್ಯಾನು, ಬೆಂಚು, ಪುಸ್ತಕಗಳನ್ನು ಪ್ರೀತಿಯಿಂದ ಕೊಡುತ್ತ ಬಂದಿದ್ದೀರಿ. ಅದಕ್ಕೆ ನಾವು ಕೃತಜ್ಞರು. ಇನ್ನು ಮುಂದೆ ವರ್ಷಕ್ಕೊಂದು ಶನಿವಾರವನ್ನೂ ಕೊಡಿರಿ. ಬಂದು, ಇಲ್ಲಿಂದ ಹೊರಟ ದಿನ ನಿಮಗೆ ಗೊತ್ತಿರದಿದ್ದ ಒಂದು ಸಂಗತಿಯನ್ನೂ, ಅದನ್ನು ನೀವು ಯಾರನ್ನು ಕೇಳಿ ಕಲಿತಿರೆಂಬದನ್ನೂ ನಿಮ್ಮ ತಂಗಿಯರಿಗೆ ಹೇಳಿರಿ. ಪಾಲಕರಲ್ಲಿ ಬೇಡುವದೇನೆಂದರೆ, ಮಗಳು ಮನೆಗೆ ಬಂದು “ಇವತ್ತ ಒಂದು ಪ್ರಶ್ನೆಗೆ ಉತ್ತರ ಬರಲಿಲ್ಲ” ಎಂದರೆ ಬೈಯದಿರಿ. ಯಾವ ಪ್ರಶ್ನೆಯೆಂದು ಕೇಳಿರಿ. ಪ್ರಾಯಶಃ ಅದಕ್ಕೆ ಬೇಕಾದ ಪಂಚಾಂಗವು ನಿಮ್ಮ ಗೋಡೆಯ ಮೇಲೆಯೇ ತೂಗುತ್ತಿರಬಹುದು.

ಗಂಟೆಯನ್ನು ನಾವು ಎಂದಿನಂತೆ ಹೊತ್ತಿಗೆ ಸರಿಯಾಗಿ ಬಾರಿಸುತ್ತಿರುತ್ತೇವೆ.